ಸದಸ್ಯತ್ವ ವರ್ಷ ಜೂನ್‌ಗೆ ಬರಲಿ, ಲೆಕ್ಕದ ವರ್ಷ ಇದ್ದಲ್ಲೇ ಇರಲಿ

ಹತ್ತನೇ ತರಗತಿಯ ಹುಡುಗಿ ಜನವರಿಯಲ್ಲಿ ಯುವಕ ಸಂಘಕ್ಕೋ ಕ್ರೀಡಾ ಕ್ಲಬ್ಬಿಗೋ ಇಡೀ ವರ್ಷದ ಶುಲ್ಕ ಕಟ್ಟುತ್ತಾಳೆ. ಮುಂದಿನ ಎರಡು ಮೂರು ತಿಂಗಳು ಪರೀಕ್ಷೆಗೆ ಹೋಯಿತು. ಆಮೇಲೆ ಅಜ್ಜನ ಮನೆ. ಜೂನ್ ಬಂದರೆ ಪಿಯುಸಿಗೆ ಧಾರವಾಡಕ್ಕೋ ಮಂಗಳೂರಿಗೋ ಹೊರಟಳು. ಸಂಘದ ಪುಸ್ತಕದಲ್ಲಿ ಮಾತ್ರ ಡಿಸೆಂಬರ್ 31ರವರೆಗೂ ಅವಳು ಸದಸ್ಯೆ. ಇಂಥ ಹೆಸರುಗಳಿಂದ ಪಟ್ಟಿ ಉಬ್ಬುತ್ತದೆ, ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಾತಿ, ಅಂದರೆ ಕೋರಂ, ತುಂಬುವುದಿಲ್ಲ, ಪಾಲಕರಿಗೂ ದುಡ್ಡು ದಂಡವಾಯಿತೆಂಬ ಬೇಸರ. ಮಕ್ಕಳು ಊರು ಬಿಡುವುದು, ಶಾಲೆ ಬದಲಿಸುವುದು, ಹೊಸಬರು ಬರುವುದು ಎಲ್ಲವೂ ಏಪ್ರಿಲ್‌ನಿಂದ ಜೂನ್ ಒಳಗೇ ನಡೆಯುತ್ತದೆ. ಸದಸ್ಯತ್ವ ಮುಗಿಯಬೇಕಾದದ್ದೂ ಅಲ್ಲೇ. ರಾಜ್ಯ ಪಠ್ಯಕ್ರಮದ ಶಾಲೆಗಳು ಈಚಿನ ವರ್ಷಗಳಲ್ಲಿ ಏಪ್ರಿಲ್ 10ರ ಸುಮಾರಿಗೆ ಮುಚ್ಚಿ ಮೇ ಕೊನೆಗೆ ತೆರೆಯುತ್ತಿವೆ. ಹಾಗಾಗಿ ಜೂನ್ 1ರಿಂದ ಮೇ 31 ಎಂಬುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಂಘಗಳಿಗೆ ಸಹಜವಾದ ಸದಸ್ಯತ್ವ ವರ್ಷ.

ಇಲ್ಲಿ ಬಹಳ ಸಂಘಗಳು ಎಡವುತ್ತವೆ. ಸದಸ್ಯತ್ವ ವರ್ಷದ ಜೊತೆಗೆ ಲೆಕ್ಕಪತ್ರದ ವರ್ಷವನ್ನೂ ಜೂನ್‌ಗೆ ಎಳೆಯಲು ಹೋಗುತ್ತವೆ. ಅದು ಬೇಡ. ಆದಾಯ ತೆರಿಗೆ, ಬ್ಯಾಂಕು, ಅನುದಾನದ ಬಳಕೆ ಪ್ರಮಾಣಪತ್ರ ಎಲ್ಲವೂ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕವನ್ನೇ ಕೇಳುತ್ತವೆ. ಸಂಘಗಳ ಹಳೆಯ ನಿಯಮಾವಳಿಗಳಲ್ಲಿ (ಬೈಲಾ) ಬರೀ ‘ವರ್ಷ’ ಎಂದಷ್ಟೇ ಇರುತ್ತದೆ. ಶುಲ್ಕಕ್ಕೂ ಅದೇ, ಆಡಿಟ್ಟಿಗೂ ಅದೇ. ತಿದ್ದುಪಡಿಯಲ್ಲಿ ‘ಹಣಕಾಸು ವರ್ಷ’, ‘ಸದಸ್ಯತ್ವ ವರ್ಷ’ ಎಂದು ಎರಡು ಪ್ರತ್ಯೇಕ ವ್ಯಾಖ್ಯೆ ಬರೆಯಿರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಿದ ಸಂಘವಾದರೆ ಕಾರ್ಯಕಾರಿ ಸಮಿತಿಯ ಠರಾವು ಸಾಲದು. ಸಾಮಾನ್ಯ ಸಭೆಯಲ್ಲಿ ಅಂಗೀಕಾರವಾಗಿ ತಿದ್ದುಪಡಿ ನೋಂದಣಾಧಿಕಾರಿಯ ಕಚೇರಿಗೆ ಹೋಗಬೇಕು. ಸಭೆಯ ನೋಟಿಸಿನಲ್ಲಿ ತಿದ್ದುಪಡಿಯ ಪೂರ್ಣ ಪಠ್ಯ ಇರಲಿ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ’ದಡಿ ತೂರಿಸಿದ ತಿದ್ದುಪಡಿಗೆ ಮುಂದೆ ಯಾರಾದರೂ ತಕರಾರು ತೆಗೆದೇ ತೆಗೆಯುತ್ತಾರೆ.

ಇನ್ನು ಹಳೆಯ ವರ್ಷದಿಂದ ಹೊಸ ವರ್ಷಕ್ಕೆ ದಾಟುವ ಲೆಕ್ಕ. ವರ್ಷಕ್ಕೆ 240 ರೂಪಾಯಿ ಶುಲ್ಕ, 60 ಸದಸ್ಯರು ಎಂದಿಟ್ಟುಕೊಳ್ಳಿ; ತಿಂಗಳಿಗೆ ತಲಾ 20 ರೂಪಾಯಿ ಆಯಿತು. ಹಳೆಯ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತಿದ್ದರೆ ಅಂತರ ಎರಡೇ ತಿಂಗಳು. ಅದಕ್ಕೆಂದು ಒಬ್ಬೊಬ್ಬರಿಂದ 40 ರೂಪಾಯಿ ಎತ್ತುವ ತಾಪತ್ರಯ ಬೇಡ, ಆ ವರ್ಷವನ್ನು 14 ತಿಂಗಳು ಎಂದು ಘೋಷಿಸಿಬಿಡಿ. ಬಿಟ್ಟುಕೊಡುವುದು ಒಟ್ಟು 2,400 ರೂಪಾಯಿ. ಹಳೆಯ ವರ್ಷ ಡಿಸೆಂಬರ್‌ಗೆ ಮುಗಿಯುವಂಥದ್ದಾದರೆ ಅಂತರ ಐದು ತಿಂಗಳು, ಮೊತ್ತ 6,000. ಅಷ್ಟನ್ನು ಸಣ್ಣ ಸಂಘ ಬಿಡಲಾರದು. ಆಗ ಜನವರಿಯಿಂದ ಮೇವರೆಗೆ 100 ರೂಪಾಯಿಯ ಗಿಡ್ಡ ಸದಸ್ಯತ್ವ ಮಾಡಿ. ಇದನ್ನು ತಪ್ಪಿಸಲು ಕೆಲವರು 17 ತಿಂಗಳಿಗೆ 340 ರೂಪಾಯಿ ಎಂದು ಒಂದೇ ಸಲ ಕೇಳುತ್ತಾರೆ. ಜೂನ್‌ಗೆ ಊರು ಬಿಡುವ ಹತ್ತನೇ ತರಗತಿಯವರು ಆಗ ಸೇರುವುದೇ ಇಲ್ಲ. ಯಾವ ತೊಂದರೆಗೆ ಪರಿಹಾರ ಹುಡುಕಲು ಹೊರಟೆವೋ ಅದನ್ನೇ ಇನ್ನೂ ಉದ್ದ ಮಾಡಿದಂತಾಯಿತು.

ಎಲ್ಲಕ್ಕಿಂತ ತಲೆನೋವು ‘ಸೇರಿದ ದಿನದಿಂದ ಒಂದು ವರ್ಷ’ ಎಂಬ ಪದ್ಧತಿಯದು. ಅಲ್ಲಿ ಎಲ್ಲರ ಅವಧಿಯನ್ನೂ ಒಂದೇ ಮೇ 31ಕ್ಕೆ ಕಡಿದು, ಉಳಿದ ತಿಂಗಳುಗಳ ಹಣವನ್ನು ಮುಂದಿನ ಶುಲ್ಕದಲ್ಲಿ ವಜಾ ಮಾಡಬೇಕು. ಆಗಸ್ಟ್ ಕೊನೆಯವರೆಗೆ ಕಟ್ಟಿದವನಿಗೆ ಜೂನ್, ಜುಲೈ, ಆಗಸ್ಟ್ ಸೇರಿ 60 ರೂಪಾಯಿ ಜಮೆ, ಹೊಸ ವರ್ಷಕ್ಕೆ ಅವನು ಕೊಡುವುದು 180. ವಜಾ ಮಾಡಿದ್ದನ್ನು ರಶೀದಿಯ ಮೇಲೇ ಬರೆಯಿರಿ. ಬಾಯಿಮಾತಿನ ರಿಯಾಯಿತಿ ಮರುವರ್ಷ ಎಲ್ಲರ ಹಕ್ಕಾಗಿ ಕೂರುತ್ತದೆ.

ಜೂನ್ 1ರಿಂದ ವರ್ಷ ಎಂದಮಾತ್ರಕ್ಕೆ ಜೂನ್‌ನಲ್ಲಿ ದುಡ್ಡು ಕೇಳಬಾರದು. ಯೂನಿಫಾರ್ಮು, ನೋಟ್‌ಬುಕ್ಕು, ಬಸ್ ಪಾಸು ಎಲ್ಲ ಬಂದು ಬೀಳುವ ತಿಂಗಳು ಅದು. ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ: ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಕಾರವಾರ, ತದಡಿ, ಹೊನ್ನಾವರ, ಭಟ್ಕಳದ ಬೋಟು ನಂಬಿದ ಮನೆಗಳಲ್ಲಿ ಆ 61 ದಿನ ಕೈಯಲ್ಲಿ ಕಾಸು ಓಡಾಡುವುದಿಲ್ಲ. ಅಲ್ಲಿ ಏಪ್ರಿಲ್ ಮೊದಲ ಪಕ್ಷದಲ್ಲಿ, ಶಾಲೆಯಲ್ಲಿ ಫಲಿತಾಂಶ ಹೇಳುವ ದಿನ ಪಾಲಕರೆಲ್ಲ ಬರುವಾಗಲೇ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಮೇಜು ಹಾಕಿ ಕೂರುವುದು ಒಳ್ಳೆಯದು. ಎರಡು ಕಂತು ಮಾಡುವುದಾದರೆ ಎರಡನೆಯದನ್ನು ಆಗಸ್ಟ್‌ನಲ್ಲಿ ಇಡಬೇಡಿ. ಬೋಟು ಇಳಿದಿರುತ್ತದೆ ನಿಜ, ಆದರೆ ಬಂದದ್ದೆಲ್ಲ ಚವತಿಗೆ ಹೋಗುತ್ತದೆ. ಚವತಿ ಕಳೆದ ಮೇಲೆ ಕೇಳಿ.

ಘಟ್ಟದ ಮೇಲಿನ ಲೆಕ್ಕ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಯಲ್ಲಿ ಕೊನೆಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ, ಅಂದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಶುಲ್ಕ ಕೇಳುವುದು ಸುಲಭ. ಮಳೆ ಹಿಡಿದರೆ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯುವವರ ಕೂಲಿ ಎಂದು ಖರ್ಚಿನ ಕಾಲ ಶುರು. ಶಿರಸಿ ಪೇಟೆಯ ಸಂಘಗಳು ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳನ್ನು ಬಿಟ್ಟು ತಾರೀಕು ಹಾಕಬೇಕು. ಮನೆತುಂಬ ನೆಂಟರಿರುವಾಗ ರಶೀದಿ ಪುಸ್ತಕ ಹಿಡಿದು ಹೋದವರಿಗೆ ಚಹಾ ಸಿಗುತ್ತದೆ, ಶುಲ್ಕ ಸಿಗುವುದಿಲ್ಲ.

ಹೀಗೆ ಮೊದಲೇ ವಸೂಲಿ ಮಾಡಿದಾಗ ಖಜಾಂಚಿ ಎಚ್ಚರ ವಹಿಸಬೇಕಾದ ಒಂದು ಜಾಗವಿದೆ. ಮಾರ್ಚ್ 2026ರಲ್ಲಿ ಬಂದ ಹಣ ಹಣಕಾಸು ವರ್ಷ 2025-26ರ ನಗದು ಪುಸ್ತಕಕ್ಕೆ ಸೇರುತ್ತದೆ. ಅದು ಕೊಡುವ ಸದಸ್ಯತ್ವ ಜೂನ್ 2026ರಿಂದ. ಅದನ್ನು ಆ ವರ್ಷದ ಆದಾಯವೆಂದು ತೋರಿಸದೆ, ಆಸ್ತಿ-ಹೊಣೆ ಪಟ್ಟಿಯಲ್ಲಿ ಹೊಣೆಯ ಕಡೆ ‘ಮುಂಗಡ ಬಂದ ಶುಲ್ಕ’ ಎಂದು ತೋರಿಸಿ. ರಶೀದಿಯಲ್ಲಿ ಬರೀ ‘2026-27’ ಎಂದು ಬರೆದರೆ ಆಡಿಟರ್ ಹಣಕಾಸು ವರ್ಷ ಎಂದು ಓದುತ್ತಾರೆ, ಪಾಲಕರು ಶಾಲಾ ವರ್ಷ ಎಂದು. ‘ಜೂನ್ 2026 – ಮೇ 2027’ ಎಂದೇ ಅಚ್ಚು ಹಾಕಿಸಿ.

ವರ್ಷದ ನಡುವೆ ಸೇರುವವರಿಗೆ ತಿಂಗಳ ಲೆಕ್ಕ ಹಾಕುತ್ತ ಕೂರಬೇಡಿ. ನವೆಂಬರ್ ಕೊನೆಯವರೆಗೆ ಪೂರ್ತಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅರ್ಧ, ಮಾರ್ಚ್ 1ರ ನಂತರ ಬಂದವರಿಗೆ ಪೂರ್ತಿ ಶುಲ್ಕಕ್ಕೆ ಮುಂದಿನ ಮೇ 31ರವರೆಗಲ್ಲ, ಅದರಾಚೆಯ ಮೇ 31ರವರೆಗೆ. ಈ ಕೊನೆಯ ನಿಯಮ ಇಲ್ಲದಿದ್ದರೆ ಬೇಸಿಗೆ ಶಿಬಿರದಲ್ಲೇ ಜಗಳ ಶುರುವಾಗುತ್ತದೆ: ಏಪ್ರಿಲ್‌ನಲ್ಲಿ ಸದಸ್ಯತ್ವ ಕಟ್ಟಿಸಿಕೊಂಡು ಜೂನ್‌ನಲ್ಲಿ ಮತ್ತೆ ಕೇಳಿದರೆ ಯಾವ ಪಾಲಕರು ಸುಮ್ಮನಿರುತ್ತಾರೆ? ಕಾರವಾರದ ಸಂಘಗಳಿಗಂತೂ ಇದು ಬೇಕೇ ಬೇಕು. ಕೈಗಾ ಟೌನ್‌ಶಿಪ್ ಮತ್ತು ನೌಕಾನೆಲೆಯ ಕಡೆಯ ಮಕ್ಕಳಲ್ಲಿ ಸಿಬಿಎಸ್‌ಇ ಓದುವವರು ಹೆಚ್ಚು, ಅವರ ತರಗತಿ ಏಪ್ರಿಲ್‌ನಲ್ಲೇ ಶುರು. ಆಗ ಬರುವವರನ್ನು ಎರಡು ತಿಂಗಳು ಹೊರಗೆ ನಿಲ್ಲಿಸದೆ ಒಳಗೆ ಕರೆದುಕೊಳ್ಳಲು ಇದೇ ನಿಯಮ ಸಾಕು, ಸಿಬಿಎಸ್‌ಇಗೆಂದು ಬೇರೆ ವರ್ಷ ಬೇಡ.

ವಯಸ್ಸಿನ ಗುಂಪುಗಳಿಗೂ ಜೂನ್ 1ನ್ನೇ ಗಡಿ ಮಾಡಿ. ಒಂದನೇ ತರಗತಿಯ ದಾಖಲಾತಿಗೆ ಸರ್ಕಾರ ಹಿಡಿಯುವುದೂ ಅದೇ ದಿನ, ಒಂದೇ ಬೆಂಚಿನ ಮಕ್ಕಳು ಬಹುಮಟ್ಟಿಗೆ ಒಂದೇ ಗುಂಪಿನಲ್ಲಿ ಉಳಿಯುತ್ತಾರೆ. ಪಂದ್ಯಾವಳಿಗಳ ವಯೋಮಿತಿಗೆ ಮಾತ್ರ ಆಯಾ ಸಂಸ್ಥೆಯ ತಾರೀಕೇ ಅಂತಿಮ. ನೋಂದಣಿ ಪುಸ್ತಕದಲ್ಲಿ ಗುಂಪಿನ ಹೆಸರಷ್ಟೇ ಇದ್ದರೆ ಆಗ ಪರದಾಡಬೇಕಾಗುತ್ತದೆ, ಜನ್ಮದಿನಾಂಕಕ್ಕೆ ಒಂದು ಕಾಲಂ ಇರಲಿ.

ನವೀಕರಣದ ಗಡುವು ಜೂನ್ 30 ಎಂದಿಟ್ಟರೂ ಕರಾವಳಿಯಲ್ಲಿ ಜುಲೈ 15ರವರೆಗೆ ಸಡಿಲ ಕೊಡುವುದು ವಿವೇಕ. ಮಳೆ ರಜೆಗಳು ಬೀಳುವುದೇ ಆಗ. ಎಸ್‌ಎಸ್‌ಎಲ್‌ಸಿಯಲ್ಲಿ ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಯಾರು ಊರಲ್ಲಿ ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂಬುದೂ ಬೇಗ ಗೊತ್ತಾಗುವುದಿಲ್ಲ. ಅದಕ್ಕೂ ಆಚೆ ಎಳೆಯಬೇಡಿ. ಗಡುವು ಮುಗಿದ ಮೇಲೆ 15 ದಿನಕ್ಕೆ ಮತದಾರರ ಪಟ್ಟಿ ಗಟ್ಟಿ ಮಾಡಿ, ಆಗಸ್ಟ್‌ನಲ್ಲಿ ವಾರ್ಷಿಕ ಸಭೆ ಇಡಿ. ಮಾರ್ಚ್ ಲೆಕ್ಕದ ಆಡಿಟ್ ಅಷ್ಟರಲ್ಲಿ ಕೈಗೆ ಬಂದಿರುತ್ತದೆ. ಸ್ವಾತಂತ್ರ್ಯ ದಿನದ ಧ್ವಜಾರೋಹಣ ಮುಗಿದ ಮಧ್ಯಾಹ್ನ ಜನ ಸೇರಿಸಲು ಪ್ರತ್ಯೇಕ ಪ್ರಯತ್ನ ಬೇಕಿಲ್ಲ.

ಈಜು, ಚಾರಣ, ಕಬಡ್ಡಿ ನಡೆಸುವ ಸಂಘಗಳು ಗುಂಪು ಅಪಘಾತ ವಿಮೆಯನ್ನೂ ಇದರ ಜೊತೆ ಸರಿಸಬೇಕು. ವಿಮೆ ಏಪ್ರಿಲ್‌ನಿಂದ, ಸದಸ್ಯತ್ವ ಜೂನ್‌ನಿಂದ ಎಂದಾದರೆ ಜೂನ್‌ನಲ್ಲಿ ಬಂದ ಹೊಸಬರ ಹೆಸರು ಪಾಲಿಸಿಯ ಪಟ್ಟಿಯಲ್ಲಿ ಇರುವುದಿಲ್ಲ. ನಡುವಿನ ಎರಡು ತಿಂಗಳಿಗೆ ಅಲ್ಪಾವಧಿ ಪಾಲಿಸಿ ಕೇಳಿದರೆ ಕಂತು ತಿಂಗಳ ಸರಾಸರಿಗಿಂತ ಹೆಚ್ಚು ಬೀಳುವುದುಂಟು. ಹಳೆಯ ಪಾಲಿಸಿಯನ್ನೇ ಮೇ 31ರವರೆಗೆ ವಿಸ್ತರಿಸಲು ಸಾಧ್ಯವೇ ಎಂದು ಅವಧಿ ಮುಗಿಯುವ ಮೊದಲೇ ಕಂಪನಿಗೆ ಬರೆದು ಕೇಳಿ. ಶುಲ್ಕ ಬಾಕಿಯಿರುವ ಮಕ್ಕಳನ್ನು ಸಡಿಲದ ಅವಧಿಯಲ್ಲಿ ಮೈದಾನಕ್ಕೆ ಬಿಡುವುದಾದರೆ ಅವರ ಹೆಸರೂ ಜೂನ್ 1ರ ಪಟ್ಟಿಯಲ್ಲಿ ಹೋಗಿರಬೇಕು.