ಹೆಣ್ಣು ಮರಿಗೆ ಹಾರ್ಮೋನು ಕೊಟ್ಟರೆ ಹಾಡುತ್ತದೆಯೇ?

ಪ್ರಶ್ನೆ: ಪುಟ್ಟ ಹಾಡುಹಕ್ಕಿಗಳಾದ ಜೀಬ್ರಾ ಫಿಂಚ್‌ಗಳಲ್ಲಿ ಹಾಡುವುದು ಗಂಡು ಮಾತ್ರ. ಹೆಣ್ಣಿಗೆ ಗಂಡಿನ ಹಾರ್ಮೋನು ಕೊಟ್ಟರೆ ಅದೂ ಹಾಡೀತೆ?

ಬೆಳೆದ ಹೆಣ್ಣಿಗೆ ಬರೀ ಟೆಸ್ಟೋಸ್ಟಿರೋನ್ (‘ಗಂಡಿನದು’ ಎನ್ನುವ ಹಾರ್ಮೋನು) ಕೊಟ್ಟರೆ ಹಾಡು ಬರುವುದಿಲ್ಲ. ಮೊಟ್ಟೆಯೊಡೆದು ಬಂದ ಹೊಸತರಲ್ಲೇ ಕೊಟ್ಟರೆ ಬರುತ್ತದೆ. ಆದರೆ ಆಗ ಕೊಡಬೇಕಾದದ್ದು ಎಸ್ಟ್ರಡಯಾಲ್, ಅಂದರೆ ನಾವು ‘ಹೆಣ್ಣಿನದು’ ಎನ್ನುವ ಹಾರ್ಮೋನು! 1980ರಲ್ಲಿ ಗರ್ನಿ ಮತ್ತು ಕೊನಿಶಿ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದರು. ಹಾಗೆ ಬೆಳೆದ ಹೆಣ್ಣಿನ ಮಿದುಳಿನಲ್ಲಿ ಹಾಡನ್ನು ನಿಯಂತ್ರಿಸುವ ಕೇಂದ್ರಗಳು ದೊಡ್ಡದಾಗುತ್ತವೆ, ಆದರೆ ಗಂಡಿನಷ್ಟಲ್ಲ.

ವಯಸ್ಸು ಇಷ್ಟು ಮುಖ್ಯವಾಗುವುದು ಮಿದುಳಿನ ಜೋಡಣೆಯಿಂದ. ಹಾಡಿನ ಆದೇಶ ಎಚ್‌ವಿಸಿ ಎಂಬ ಕೇಂದ್ರದಿಂದ ಆರ್‌ಎ ಎಂಬ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಗಂಟಲಿನ ಸ್ನಾಯುಗಳತ್ತ ಇಳಿಯುತ್ತದೆ. ಮರಿಗೆ ಸುಮಾರು ಒಂದು ತಿಂಗಳಾಗುವಾಗ ಗಂಡಿನಲ್ಲಿ ಎಚ್‌ವಿಸಿಯ ನರತಂತುಗಳು ಆರ್‌ಎಯ ಒಳಗೆ ನುಗ್ಗುತ್ತವೆ. ಹೆಣ್ಣಿನಲ್ಲಿ ಅವು ಅಂಚಿನವರೆಗೆ ಬಂದು ನಿಂತುಬಿಡುತ್ತವೆ, ಆರ್‌ಎಯ ಎಷ್ಟೋ ಕೋಶಗಳು ಸಾಯುತ್ತವೆ. ಆಮೇಲೆ ಹಾರ್ಮೋನು ಬಂದರೂ ದಾರಿಯೇ ಇರುವುದಿಲ್ಲ.

ಹಾಗಾದರೆ ಗಂಡು ಮರಿಯ ವೃಷಣವೇ ಈ ಕೆಲಸ ಮಾಡಿಸುತ್ತದೆ ಅಂದುಕೊಳ್ಳುವುದು ಸಹಜ. ಅಲ್ಲೇ ಎಡವುವುದು. ಪ್ರಯೋಗದಲ್ಲಿ ವೃಷಣ ಬೆಳೆಸಿದ ಹೆಣ್ಣುಗಳ ಮಿದುಳು ಹೆಣ್ಣಿನದಾಗಿಯೇ ಉಳಿಯಿತು. 2003ರಲ್ಲಿ ವರದಿಯಾದ ಒಂದು ಹಕ್ಕಿಯಂತೂ ಬಲಭಾಗ ಗಂಡು, ಎಡಭಾಗ ಹೆಣ್ಣು. ಎರಡೂ ಕಡೆ ಹರಿಯುವ ರಕ್ತ ಒಂದೇ, ಆದರೂ ಬಲಗಡೆಯ ಎಚ್‌ವಿಸಿಯೇ ದೊಡ್ಡದು. ಅಂದರೆ ಕೋಶದೊಳಗಿನ ಲಿಂಗವರ್ಣತಂತುಗಳಿಗೂ (ಗಂಡಿನಲ್ಲಿ ಝಡ್‌ಝಡ್, ಹೆಣ್ಣಿನಲ್ಲಿ ಝಡ್‌ಡಬ್ಲ್ಯು) ಇದರಲ್ಲಿ ಪಾಲಿದೆ. ಎಡಭಾಗ ಕೂಡ ಸಾಮಾನ್ಯ ಹೆಣ್ಣಿಗಿಂತ ಸ್ವಲ್ಪ ಗಂಡಿನಂತಿತ್ತು, ಹಾಗಾಗಿ ಹಾರ್ಮೋನನ್ನು ಪೂರ್ತಿ ಕೈಬಿಡುವಂತಿಲ್ಲ.

ಆ ಹಾರ್ಮೋನು ರಕ್ತದಿಂದಲೇ ಬರಬೇಕೆಂದೇನೂ ಇಲ್ಲ. ಮಿದುಳಿನಲ್ಲೇ ಇರುವ ಅರೋಮಟೇಸ್ ಕಿಣ್ವ ಟೆಸ್ಟೋಸ್ಟಿರೋನನ್ನು ಎಸ್ಟ್ರಡಯಾಲ್ ಆಗಿ ಮಾರ್ಪಡಿಸುತ್ತದೆ. ಗಂಡು ಮರಿಯ ಮಿದುಳಿನ ಚೂರನ್ನು ತಟ್ಟೆಯಲ್ಲಿ ಬೆಳೆಸಿದರೂ ಅದು ಎಸ್ಟ್ರಡಯಾಲ್ ತಯಾರಿಸುತ್ತದೆ. ಆದ್ದರಿಂದ ಬರೀ ರಕ್ತಪರೀಕ್ಷೆ ನೋಡಿ ಮಿದುಳಿನ ಬಗ್ಗೆ ತೀರ್ಮಾನಿಸಬಾರದು.

ಕಲಿಕೆಯ ಮಾತೇ ಬೇರೆ. ಗಂಡು ಮರಿ ಸುಮಾರು 25ರಿಂದ 65ನೇ ದಿನದವರೆಗೆ ಗುರುವಿನ ಹಾಡನ್ನು ಕೇಳಿ ನೆನಪಿಟ್ಟುಕೊಳ್ಳುತ್ತದೆ, 35ರ ಸುಮಾರಿಗೆ ತಾನೂ ಗುನುಗತೊಡಗುತ್ತದೆ, 90ರ ಹೊತ್ತಿಗೆ ಹಾಡು ಗಟ್ಟಿಯಾಗುತ್ತದೆ. ಹೆಣ್ಣು ಮರಿ ಹಾಡದಿದ್ದರೂ ತಂದೆಯ ಹಾಡನ್ನು ಕಲಿತು ಗುರುತಿಸುತ್ತದೆ. ಗಂಡು ಮರಿಗೆ ಕಲಿಯುವ ವಯಸ್ಸಿನಲ್ಲೇ ಹೆಚ್ಚು ಟೆಸ್ಟೋಸ್ಟಿರೋನ್ ಕೊಟ್ಟರೆ ಹಾಡು ಸುಧಾರಿಸುವ ಬದಲು ಕಲಿಕೆಯೇ ಕೆಡುತ್ತದೆ.