ಮೈ ತುಂಬಿಕೊಂಡವರಿಗೆ ವೈರಸ್ ಜ್ವರ ಹೆಚ್ಚು ಕಾಡುವುದೇಕೆ?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆಯಾಗಲಿ ಬಿಪಿಯಾಗಲಿ ಇಲ್ಲ, ತೂಕ ಮಾತ್ರ ಹೆಚ್ಚು. ಮೈಕೈ ತುಂಬಿಕೊಂಡಿದ್ದರೆ ಜ್ವರ ತಡೆದುಕೊಳ್ಳುವ ಶಕ್ತಿ ಇರುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ವೈದ್ಯರು ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ವೈದ್ಯರ ಮಾತು ಸರಿ. ಹಸಿವಿನಿಂದ ಸೊರಗಿದ ಮೈಗೆ ಸೋಂಕು ಬೇಗ ಅಂಟುತ್ತಿದ್ದುದನ್ನು ಕಣ್ಣಾರೆ ಕಂಡ ಹಿರಿಯರ ಅನುಭವವೂ ಸುಳ್ಳಲ್ಲ, ಆದರೆ ಕೊಬ್ಬು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚುತ್ತದೆ ಎಂದು ಅದರಿಂದ ತಿಳಿಯಬಾರದು. 2009ರ ಎಚ್‌1ಎನ್‌1 ಪಿಡುಗಿನಲ್ಲಿ, ಬೇರಾವ ಕಾಯಿಲೆಯೂ ಇಲ್ಲದೆ ಬೊಜ್ಜು ಮಾತ್ರ ಇದ್ದ ಕೆಲವರ ಸ್ಥಿತಿಯೂ ಗಂಭೀರವಾಗುತ್ತಿರುವುದು ಕ್ಯಾಲಿಫೋರ್ನಿಯದಲ್ಲಿ ಗಮನಕ್ಕೆ ಬಂತು. ಕೋವಿಡ್ ಕಾಲದಲ್ಲಿ ಹಲವು ದೇಶಗಳಲ್ಲಿ ಇದೇ ಕಂಡಿತು.

ಕಾರಣ ಕೊಬ್ಬಿನ ಒಳಗೇ ಇದೆ. ಕೊಬ್ಬಿನ ಕೋಶಗಳು ಮಿತಿಮೀರಿ ಹಿಗ್ಗಿ, ಆಮ್ಲಜನಕ ಸಾಲದೆ ಕೆಲವು ಸಾಯತೊಡಗಿದಾಗ, ಅವನ್ನು ತೆರವುಗೊಳಿಸಲು ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳು ಅಲ್ಲಿಗೆ ಬಂದು ಸೇರಿ, ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್-6ರಂತಹ ಉರಿಯೂತದ ಸಂಕೇತಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ. ಇದರಲ್ಲಿ ನೋವಿಲ್ಲ, ಜ್ವರವಿಲ್ಲ. ಹಾಗಾಗಿ ವರ್ಷಗಟ್ಟಲೆ ನಡೆದರೂ ನಮಗೆ ಗೊತ್ತಾಗುವುದಿಲ್ಲ. ಇಂತಹ ದೇಹಕ್ಕೆ ವೈರಸ್ ಹೊಕ್ಕಾಗ, ಮೊದಲ ದಿನಗಳಲ್ಲಿ ಅದನ್ನು ತಡೆಯಬೇಕಾದ ಇಂಟರ್‌ಫೆರಾನ್ ಎಂಬ ರಕ್ಷಣಾ ಸಂಕೇತ ತಡವಾಗಿ, ಕಡಿಮೆಯಾಗಿ ಹೊರಡುತ್ತದೆ. ಅಷ್ಟರಲ್ಲಿ ಹೆಚ್ಚಿಕೊಂಡ ವೈರಸ್ಸಿನ ಮೇಲೆ ಉರಿಯೂತ ಒಮ್ಮೆಲೇ ಕೆರಳಿ ಶ್ವಾಸಕೋಶವನ್ನೇ ಗಾಯಗೊಳಿಸಬಹುದು. ಹೊಟ್ಟೆಯ ಕೊಬ್ಬು ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ಒತ್ತುವುದರಿಂದ ಆಗ ಉಸಿರಾಟ ಇನ್ನಷ್ಟು ಕಷ್ಟ.

ನಿಕರಾಗುವಾದ ಮನಾಗುವಾದಲ್ಲಿ ಕುಟುಂಬಗಳನ್ನು ಗಮನಿಸಿದ ಅಧ್ಯಯನವೊಂದರಲ್ಲಿ, ಫ್ಲೂ ಲಕ್ಷಣಗಳಿದ್ದ ಸ್ಥೂಲಕಾಯದ ವಯಸ್ಕರು ಇನ್‌ಫ್ಲುಯೆನ್ಜಾ ಎ ವೈರಸ್ಸನ್ನು ಇತರರಿಗಿಂತ ಶೇ 42ರಷ್ಟು ಹೆಚ್ಚು ಕಾಲ ಹೊರಸೂಸಿದರು. ಮನೆಯಲ್ಲಿ ಎಳೆಯರೋ ವಯಸ್ಸಾದವರೋ ಇದ್ದರೆ ಈ ಸಂಗತಿ ಅವರಿಗೂ ಸಂಬಂಧಿಸಿದ್ದು. ಬೊಜ್ಜಿದ್ದವರಲ್ಲಿ ಫ್ಲೂ ಲಸಿಕೆಯ ಪ್ರತಿಕಾಯಗಳು ಬೇಗ ಇಳಿಯುತ್ತವೆಂದೂ ಕಂಡುಬಂದಿದೆ. ಹಾಗೆಂದು ಲಸಿಕೆ ಬಿಡಬೇಡಿ, ದಯವಿಟ್ಟು. ಪ್ರತಿ ವರ್ಷ ತಪ್ಪದೆ ಹಾಕಿಸಿಕೊಳ್ಳಲು ಅದೇ ಕಾರಣ.

ನಮ್ಮಲ್ಲಿ ತೂಕ ಅಷ್ಟೇನೂ ಹೆಚ್ಚಿಲ್ಲದವರ ಹೊಟ್ಟೆಯಲ್ಲೂ ಕೊಬ್ಬು ಸೇರುವುದುಂಟು. ಆದ್ದರಿಂದ ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25ಕ್ಕೇ ಬೊಜ್ಜೆನ್ನುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು. ಫ್ಲೂ ಲಕ್ಷಣ ಕಂಡರೆ ತಾನಾಗಿ ಇಳಿಯಲೆಂದು ಕಾಯದೆ ವೈದ್ಯರನ್ನು ಕಂಡು, ತೂಕದ ವಿಚಾರವನ್ನೂ ಹೇಳಿ, ಏಕೆಂದರೆ ಫ್ಲೂ ವೈರಸ್ಸನ್ನು ತಡೆಯುವ ಒಸೆಲ್ಟಾಮಿವಿರ್ ಮಾತ್ರೆ ಹೆಚ್ಚು ಫಲ ಕೊಡುವುದು ಮೊದಲ 48 ಗಂಟೆಗಳೊಳಗೆ ಆರಂಭಿಸಿದಾಗ.