ಗುಡ್ಡ ಹತ್ತಿದ ವಿಶ್ವವಿದ್ಯಾಲಯ ಪೇಟೆಗೆ ಇಳಿದೀತೇ?

ಕಾಸರಗೋಡಿನವರಿಗೆ ವಿಶ್ವವಿದ್ಯಾಲಯ ಅಂದರೆ ಬಸ್ಸು ಹತ್ತಿ ಹೋಗುವ ಜಾಗ. ಪೇಟೆ ಕೆಲಸ ಮುಗಿಸಿ, ಸಂಜೆ ಅರ್ಧ ಗಂಟೆ ಅಲ್ಲಿ ಕೂತು ಓದಿ ಬರೋಣ ಅನ್ನುವ ಹಾಗಿಲ್ಲ. ಮೊದಲು ಹೀಗಿರಲಿಲ್ಲ: ಕಾಲೇಜು ದೂರದ ಊರಲ್ಲಿದ್ದರೂ ಆ ಊರಿನ ಪೇಟೆಯಲ್ಲೇ ಇತ್ತು.

ಅಜ್ಜಂದಿರ ಕಾಲದಲ್ಲಿ ಕಾಲೇಜು ಓದಬೇಕಾದರೆ ಮಂಗಳೂರಿಗೆ ಹೋಗಬೇಕಿತ್ತು. 1868ರಲ್ಲಿ ಶುರುವಾದ ಅಲ್ಲಿನ ಸರ್ಕಾರಿ ಕಾಲೇಜು ಇವತ್ತು ವಿಶ್ವವಿದ್ಯಾಲಯ ಕಾಲೇಜು. ಇರುವುದು ಹಂಪನಕಟ್ಟೆಯಲ್ಲಿ, ಪೇಟೆಯ ನಟ್ಟನಡುವೆ. ಅದರ ರವೀಂದ್ರ ಕಲಾಭವನದಲ್ಲಿ ಕಾರ್ಯಕ್ರಮ ಇದ್ದರೆ ಊರವರೂ ಬಂದು ಕೂರುತ್ತಾರೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಮರುವರ್ಷವೇ ನಮಗೂ ಸರ್ಕಾರಿ ಕಾಲೇಜು ಬಂತು. ಅತ್ತ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಗಿ ಕೊಣಾಜೆ ಗುಡ್ಡದ ಮೇಲೆ ಬೆಳೆಯಿತು. 1996ರ ಕಣ್ಣೂರು ವಿಶ್ವವಿದ್ಯಾಲಯವನ್ನು ಹಲವು ಊರುಗಳಿಗೆ ಹಂಚಿದರು. ನಮ್ಮ ಪಾಲಿಗೆ ವಿದ್ಯಾನಗರದ ಚಾಲ ಕ್ಯಾಂಪಸ್ ಬಂತು. 2009ರ ಕೇಂದ್ರೀಯ ವಿಶ್ವವಿದ್ಯಾಲಯ ಕೆಲವು ವರ್ಷ ಬಾಡಿಗೆ ಕಟ್ಟಡದಲ್ಲಿ ನಡೆದು, ಆಮೇಲೆ ಪೆರಿಯದ ತೇಜಸ್ವಿನಿ ಹಿಲ್ಸ್ ಸೇರಿತು.

ಗುಡ್ಡವೇ ಯಾಕೆ? ಜಾಗ. ಹಾಸ್ಟೆಲ್, ಲ್ಯಾಬ್, ಮೈದಾನ ಎಲ್ಲ ಒಂದೇ ಕಡೆ ಬೇಕೆಂದರೆ ನೂರಾರು ಎಕರೆ ಬೇಕು. ಅಷ್ಟು ನೆಲ ಪೇಟೆಯಲ್ಲಿ ಎಲ್ಲಿದೆ? ಆ ನಿರ್ಧಾರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಎಲ್ಲವನ್ನೂ ಮೇಲಕ್ಕೆ ಒಯ್ಯಬೇಕಾಗಿರಲಿಲ್ಲ. ಲೈಬ್ರರಿ, ಸಭಾಂಗಣ, ಹಳೆ ದಾಖಲೆಗಳ ಕೋಣೆ ಊರಿಗೂ ಬೇಕಾದವು, ಅಲ್ವಾ?

ಇವನ್ನು ಹಂಚಿಕೊಂಡ ಊರುಗಳಿವೆ. ಅಮೆರಿಕದ ಸ್ಯಾನ್ ಹೋಸೆಯಲ್ಲಿ ನಗರಾಡಳಿತವೂ ಅಲ್ಲಿನ ಸ್ಟೇಟ್ ಯೂನಿವರ್ಸಿಟಿಯೂ ಸೇರಿ ಕಟ್ಟಿದ ಎಂಟು ಮಹಡಿಯ ಲೈಬ್ರರಿ 2003ರಲ್ಲಿ ತೆರೆಯಿತು. ಊರವರು ಪುಸ್ತಕ ಒಯ್ದರೆ ವಿದ್ಯಾರ್ಥಿಗಳ ಗತಿ ಏನು ಎಂದು ಪ್ರಾಧ್ಯಾಪಕರು ಮೊದಲು ವಿರೋಧಿಸಿದ್ದರು. ಕಟ್ಟಡಕ್ಕೆ ಎರಡು ಬಾಗಿಲು: ಒಂದು ಪೇಟೆಯ ರಸ್ತೆಗೆ, ಇನ್ನೊಂದು ಕ್ಯಾಂಪಸ್ಸಿಗೆ. ಮಕ್ಕಳ ವಿಭಾಗ ಕೆಳಗೆ, ಮೌನ ಬೇಕಾದವರಿಗೆ ಮೇಲಿನ ಮಹಡಿಗಳು. ಇಂಗ್ಲೆಂಡಿನ ವೂಸ್ಟರ್‌ನಲ್ಲಿ 2012ರಲ್ಲಿ ತೆರೆದ ‘ದ ಹೈವ್’ ಇನ್ನೂ ಮುಂದೆ ಹೋಯಿತು. ವಿಶ್ವವಿದ್ಯಾಲಯದ ಪುಸ್ತಕ, ಊರ ಲೈಬ್ರರಿ, ಜಿಲ್ಲೆಯ ದಾಖಲೆಗಳು, ಜನ ಅರ್ಜಿ ಹಿಡಿದು ಬರುವ ಕೌನ್ಸಿಲ್ ಕೌಂಟರ್ ಎಲ್ಲ ಒಂದೇ ಸೂರಿನಡಿ.

ನಮ್ಮಲ್ಲಿ ಇಂಥದ್ದು ಕಟ್ಟುವುದಾದರೆ ಮೊದಲ ತೊಡಕು ಶಬ್ದದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಪಕ್ಕದಲ್ಲಿದೆ. ತಾಳಮದ್ದಳೆಗೆ ಜಾಗವಿಲ್ಲದ ಸಭಾಂಗಣ ಈ ಊರಿನದಾಗದು. ಚೆಂಡೆಯ ಪೆಟ್ಟು ಗಾಳಿಯಲ್ಲಿ ಮಾತ್ರ ಬರುವುದಿಲ್ಲ. ಕಂಬ, ಸ್ಲ್ಯಾಬ್ ಹಿಡಿದು ಮೇಲಿನ ಓದುಕೋಣೆಗೂ ಹತ್ತುತ್ತದೆ. ಬಾಗಿಲು ದಪ್ಪ ಮಾಡಿದರೆ ಸಾಲದು. ಸಭಾಂಗಣ ತನ್ನದೇ ಕಂಬಗಳ ಮೇಲೆ, ನಡುವೆ ಸಂದು ಬಿಟ್ಟು ನಿಲ್ಲಬೇಕು.

ಎರಡನೆಯದು ಭಾರ. ತರಗತಿಯ ನೆಲವನ್ನು ಚದರ ಮೀಟರಿಗೆ ಸುಮಾರು 300 ಕೆ.ಜಿ. ಲೆಕ್ಕದಲ್ಲಿ ಕಟ್ಟುತ್ತಾರೆ. ಪುಸ್ತಕದ ಕಪಾಟು ತುಂಬುವ ಕೋಣೆಗೆ ಕನಿಷ್ಠ 600 ಬೇಕು. ಈಗ ತರಗತಿ ಇರಲಿ, ಲೈಬ್ರರಿ ಆಮೇಲೆ ನೋಡೋಣ ಅಂದರೆ ನಡೆಯಲ್ಲ. ಬೆಂಕಿಯ ನಿಯಮವೂ ಹಾಗೇ: ಸಭೆ ಸೇರುವ ಜಾಗ, ಪಾಠದ ಜಾಗ, ಅಂಗಡಿ ಮೂರೂ ಬೇರೆ ಬೇರೆ ವರ್ಗ. ಮೂರನ್ನೂ ಬೆರೆಸುವುದಾದರೆ ಮೆಟ್ಟಿಲು, ಹೊರದಾರಿ ಮೊದಲ ನಕ್ಷೆಯಲ್ಲೇ ಬೇಕು.

ಮಳೆಯನ್ನು ಮರೆಯಬಾರದು. ಇಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ರಸ್ತೆ ಬದಿಯ ಬಾಗಿಲಿಗೆ ಅಗಲವಾದ ಜಗಲಿ ಬೇಕು. ಒದ್ದೆ ಕೊಡೆ ಇಡಲು, ಮಳೆಗೆ ನಿಂತವರು ಗುರುತಿನ ಚೀಟಿ ತೋರಿಸದೆ ಒಳಗೆ ಬಂದು ಪೇಪರ್ ಓದಲು. ಫಲಕಗಳು ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಗಡಿನಾಡಿನಲ್ಲಿ ಅದು ಉಪಕಾರವಲ್ಲ, ಹಕ್ಕು.

ಎಲ್ಲಕ್ಕಿಂತ ನನಗೆ ಕಾಡುವುದು ವೇಳಾಪಟ್ಟಿ. ಏಪ್ರಿಲ್-ಮೇ ತಿಂಗಳಲ್ಲಿ ಕ್ಯಾಂಪಸ್ ಖಾಲಿ. ಊರ ಮಕ್ಕಳಿಗೆ ಬಿಡುವು ಸಿಗುವುದೂ ಆಗಲೇ. ವಿಶ್ವವಿದ್ಯಾಲಯದ ಕ್ಯಾಲೆಂಡರ್ ಪ್ರಕಾರ ಬೀಗ ಹಾಕಿದರೆ ಹಂಚಿಕೊಂಡದ್ದು ಸುಮ್ನೆ ಕಾಗದದ ಮೇಲೆ ಮಾತ್ರ. ಬೀಗದ ಕೈ ಯಾರ ಹತ್ತಿರ, ರಾತ್ರಿ ಕಾವಲು ಯಾರದು, ಕರೆಂಟ್ ಬಿಲ್ಲಿನಲ್ಲಿ ಯಾರ ಪಾಲು ಎಷ್ಟು ಎಂಬುದು ಅಡಿಗಲ್ಲಿಗೆ ಮೊದಲೇ ಬರಹದಲ್ಲಿರಬೇಕು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ ‘ಗಿಳಿವಿಂಡು’ವಿಗೆ ಕೇರಳ, ಕರ್ನಾಟಕ ಎರಡೂ ಸರ್ಕಾರಗಳು ಕೈಜೋಡಿಸಿದವು, 2017ರಲ್ಲಿ ಅದರ ಉದ್ಘಾಟನೆಯೂ ಆಯಿತು. ಎರಡು ಆಡಳಿತ ಸೇರಿ ಕಟ್ಟುವುದು ಇಲ್ಲಿ ಹೊಸತಲ್ಲ.

ಹಣದ ದಾರಿಯೂ ಪೂರ್ತಿ ಮುಚ್ಚಿಲ್ಲ. ಕೇರಳದಲ್ಲಿ ಕಟ್ಟಡ ತೆರಿಗೆಯ ಜೊತೆ ಲೈಬ್ರರಿ ಸೆಸ್ ಕಟ್ಟುತ್ತಲೇ ಇದ್ದೇವೆ. ಜಾಗಕ್ಕೆ ವಿದ್ಯಾನಗರವನ್ನೇ ಮೊದಲು ನೋಡಬೇಕು. ಕಲೆಕ್ಟರೇಟ್, ಸರ್ಕಾರಿ ಕಾಲೇಜು, ಚಾಲ ಕ್ಯಾಂಪಸ್ ಎಲ್ಲ ಆ ಕಡೆಯೇ ಇವೆ. ಅರ್ಜಿ ಕೊಡಲು ಬಂದವರು, ಪಾಠ ಮುಗಿಸಿದವರು ಇಬ್ಬರೂ ಬಸ್ಸಿಗೆ ಕಾಯುವುದು ಅಲ್ಲೇ.